ಪ್ಲಗ್ ಪಾಯಿಂಟ್‌ಗೇ ಕರೆಂಟ್ ಕೊಟ್ಟರೆ

ಗೋಡೆಯ ಮೇಲಿನ ಪ್ಲಗ್ ಪಾಯಿಂಟ್ ಕರೆಂಟ್ ಕೊಡುವ ಜಾಗ ಎಂದು ಮನೆಯ ಮಕ್ಕಳಿಗೂ ಗೊತ್ತು. ಮಿಕ್ಸಿಯಾಗಲಿ, ಇಸ್ತ್ರಿಪೆಟ್ಟಿಗೆಯಾಗಲಿ ಅಲ್ಲಿಂದ ತೆಗೆದುಕೊಳ್ಳುತ್ತದೆಯೇ ಹೊರತು ಅಲ್ಲಿಗೆ ಕೊಡುವುದಿಲ್ಲ. ಗೋಡೆಯೊಳಗೆ ಹುದುಗಿರುವ ತಂತಿಯ ದಪ್ಪ, ಬಾಗಿಲ ಪಕ್ಕದ ಎಂಸಿಬಿ, ಮೆಟ್ಟಿಲ ಕೆಳಗಿನ ಮೀಟರು, ಕಂಬ ಹತ್ತುವ ಲೈನ್‌ಮನ್‌ನ ಅಭ್ಯಾಸ, ಕೊನೆಗೆ ವಿದ್ಯುತ್ ಕಾನೂನಿನ ಭಾಷೆ ಕೂಡ ಇದೇ ನಂಬಿಕೆಯ ಮೇಲೆ ನಿಂತಿವೆ: ಕರೆಂಟ್ ಬೀದಿಯಿಂದ ಮನೆಗೆ ಬರುತ್ತದೆ, ಮನೆಯಿಂದ ಬೀದಿಗೆ ಹೋಗುವುದಿಲ್ಲ.

ಜರ್ಮನಿಯ ಬಾಲ್ಕನಿಗಳಲ್ಲಿ ಈ ನಂಬಿಕೆ ತಿರುವುಮುರುವಾಗಿದೆ. ಬಾಲ್ಕನಿಯ ಕಂಬಿಗೆ ಬಿಗಿದ ಒಂದೆರಡು ಸೋಲಾರ್ ಪ್ಯಾನೆಲ್, ಅದರ ಬೆನ್ನಿಗೆ ದಪ್ಪ ಪುಸ್ತಕದಷ್ಟು ದೊಡ್ಡ ಇನ್ವರ್ಟರ್, ಅದರಿಂದ ಹೊರಟ ವೈರಿನ ತುದಿಗೆ ನಾವು ದಿನವೂ ನೋಡುವಂಥದೇ ಪ್ಲಗ್. ಅದನ್ನು ಗೋಡೆಗೆ ಸಿಕ್ಕಿಸಿದರೆ ಮುಗಿಯಿತು, ಮನೆಯ ಫ್ರಿಜ್ಜು ಮೊದಲು ಬಿಸಿಲಿನ ಕರೆಂಟ್ ಕುಡಿದು, ಸಾಲದ್ದನ್ನು ಮಾತ್ರ ಲೈನಿನಿಂದ ಎಳೆದುಕೊಳ್ಳುತ್ತದೆ. ಅಲ್ಲಿನವರು ಇದನ್ನು ‘ಬಾಲ್ಕೊನ್‌ಕ್ರಾಫ್ಟ್‌ವೆರ್ಕ್’, ಅಂದರೆ ಬಾಲ್ಕನಿಯ ವಿದ್ಯುತ್ ಸ್ಥಾವರ ಎನ್ನುತ್ತಾರೆ. 2025ರ ಮಧ್ಯದ ಹೊತ್ತಿಗೆ ಸರ್ಕಾರಿ ದಾಖಲೆಯಲ್ಲಿ ಇವುಗಳ ಸಂಖ್ಯೆ 10 ಲಕ್ಷ ದಾಟಿತ್ತು.

ಇದನ್ನು ಕೇಳಿದವರಿಗೆ ಎರಡು ಪ್ರಶ್ನೆ ಏಳುವುದು ಸಹಜ. ಇದು ಅಪಾಯವಲ್ಲವೇ? ಇದಕ್ಕೆ ಕಾನೂನು ಒಪ್ಪುತ್ತದೆಯೇ? ಮೊದಲನೆಯದನ್ನು ಎಂಜಿನಿಯರಿಗೂ ಎರಡನೆಯದನ್ನು ವಕೀಲರಿಗೂ ಬಿಟ್ಟು ನಾವು ಸುಮ್ಮನಾಗುತ್ತೇವೆ. ಎರಡೂ ಒಂದೇ ಪ್ರಶ್ನೆ ಎಂಬುದು ನನ್ನ ವಾದ. ಅಪಾಯ ನಿಜವಾಗಿ ಎಲ್ಲಿದೆ ಎಂದು ಅರಿತು, ಅಲ್ಲಿ ಮಾತ್ರ ಬಿಗಿಯಾಗಿರುವ ಕಾನೂನನ್ನು ಜನ ಪಾಲಿಸುತ್ತಾರೆ. ಅಪಾಯವಿಲ್ಲದ ಕಡೆಯೂ ಬಿಗಿಯುವ ಕಾನೂನನ್ನು ಕದ್ದು ಮೀರುತ್ತಾರೆ. ಹಾಗೆ ಕದ್ದು ಮಾಡುವ ಕೆಲಸದಲ್ಲಿ, ಎಚ್ಚರ ಬೇಕಾದ ಜಾಗದಲ್ಲೂ ಎಚ್ಚರ ಉಳಿಯುವುದಿಲ್ಲ.

ಎಲ್ಲರ ಬಾಯಲ್ಲೂ ಮೊದಲು ಬರುವ ಭಯ ಕಂಬದ ಮೇಲಿರುವವನದು. ನಮ್ಮಲ್ಲಿ ಪವರ್‌ಮ್ಯಾನ್ ಕಂಬ ಹತ್ತುವ ಮುನ್ನ ‘ಎಲ್‌ಸಿ’ ತೆಗೆದುಕೊಳ್ಳುತ್ತಾನೆ. ಲೈನ್ ಕ್ಲಿಯರ್ ಎಂಬುದರ ಕಿರುರೂಪ ಅದು. ಫೀಡರ್ ಆಫ್ ಆಗಿದೆ, ನೀನು ಇಳಿದು ಹೇಳುವವರೆಗೆ ಆನ್ ಮಾಡುವುದಿಲ್ಲ ಎಂದು ಸಬ್‌ಸ್ಟೇಷನ್ ಕೊಡುವ ಮಾತು. ಆದರೆ ಆ ಮಾತು ಸಬ್‌ಸ್ಟೇಷನ್ ಕಡೆಯಿಂದ ಬರುವ ಕರೆಂಟಿಗೆ ಮಾತ್ರ ಅನ್ವಯ. ಬೀದಿಯ ಯಾವುದೋ ಅಂಗಡಿಯವರು ಎರಡೂ ತುದಿಗೆ ಪ್ಲಗ್ ಕಟ್ಟಿದ ವೈರಿನಿಂದ ಜನರೇಟರನ್ನು ಗೋಡೆಯ ಪಾಯಿಂಟ್‌ಗೆ ಸಿಕ್ಕಿಸಿ, ಮೇನ್ ಇಳಿಸಲು ಮರೆತಿದ್ದರೆ, 230 ವೋಲ್ಟ್ ಹಿಮ್ಮುಖವಾಗಿ ಟಿಸಿ, ಅಂದರೆ ಬೀದಿಯ ಟ್ರಾನ್ಸ್‌ಫಾರ್ಮರ್ ಹೊಕ್ಕು, ಅದರ ಆಚೆ ಬದಿಯಲ್ಲಿ ಸಾವಿರಾರು ವೋಲ್ಟ್ ಆಗಿ ಏಳಬಹುದು. ಎಲ್‌ಸಿ ಕೈಯಲ್ಲಿದ್ದೂ ಜೀವ ಹೋಗುವುದು ಹೀಗೆ.

ಪ್ಲಗ್ ಸೋಲಾರ್‌ನ ಇನ್ವರ್ಟರ್ ಈ ಜನರೇಟರಿನ ಜಾತಿಗೆ ಸೇರಿದ್ದಲ್ಲ. ಅದು ತಾನಾಗಿ ವೋಲ್ಟೇಜ್ ಹುಟ್ಟಿಸುವುದಿಲ್ಲ. ಲೈನಿನಲ್ಲಿ ಸೆಕೆಂಡಿಗೆ 50 ಬಾರಿ ಏರಿಳಿಯುವ ಅಲೆಯನ್ನು ನೋಡುತ್ತ, ಅದರ ತಾಳಕ್ಕೆ ಹೊಂದಿಕೊಂಡು ಮಾತ್ರ ಕರೆಂಟ್ ತಳ್ಳುತ್ತದೆ. ಲೈನ್ ಸತ್ತರೆ ತಾಳ ತಪ್ಪುತ್ತದೆ, ಇನ್ವರ್ಟರ್ ನಿಲ್ಲುತ್ತದೆ. ಜರ್ಮನಿಯ ನಿಯಮ ಇದಕ್ಕೆ ಕೊಟ್ಟಿರುವ ಅವಧಿ ಸೆಕೆಂಡಿನ ಐದನೇ ಒಂದು ಭಾಗ. ಭಾರತದಲ್ಲಿಯೂ ಗ್ರಿಡ್‌ಗೆ ಜೋಡಿಸುವ ಸೋಲಾರ್ ಇನ್ವರ್ಟರ್ ಲೈನ್ ಹೋದಾಗ ನಿಲ್ಲುತ್ತದೆಯೇ ಎಂದು ಪರೀಕ್ಷಿಸಲು ಐಎಸ್ 16169 ಎಂಬ ಮಾನದಂಡವಿದೆ. ಕೈಯಲ್ಲಿ ಹಿಡಿದ ಪ್ಲಗ್‌ನ ಬರಿಯ ಪಿನ್ನು ಶಾಕ್ ಹೊಡೆಯುತ್ತದೆಯೇ ಎಂಬ ಭಯಕ್ಕೂ ಉತ್ತರ ಇದೇ ಗುಣದಲ್ಲಿದೆ. ಪ್ಲಗ್ ಕಿತ್ತ ಕೂಡಲೇ ತಾಳ ಕಡಿದು ಪಿನ್ನು ಸಾಯಬೇಕು.

ಸಾಯಬೇಕು ನಿಜ, ಸಾಯುತ್ತದೆಯೇ ಎಂಬುದು ಪೆಟ್ಟಿಗೆಯೊಳಗೆ ಏನಿದೆ ಎಂಬುದರ ಮೇಲೆ ನಿಂತಿದೆ. 2023ರ ಬೇಸಿಗೆಯಲ್ಲಿ ಜರ್ಮನಿಯಲ್ಲಿ ಒಂದು ವಿಷಯ ಬಯಲಾಯಿತು. ಮಾರುಕಟ್ಟೆಯಲ್ಲಿ ಚೆನ್ನಾಗಿ ಮಾರಾಟವಾಗುತ್ತಿದ್ದ ಒಂದು ಕಂಪನಿಯ ಸಣ್ಣ ಇನ್ವರ್ಟರ್‌ಗಳಲ್ಲಿ, ಲೈನಿನಿಂದ ಸಂಪರ್ಕ ಕಡಿಯಲು ಇರಲೇಬೇಕಾದ ರಿಲೇ ಇರಲಿಲ್ಲ. ಕಂಪನಿ ಆಮೇಲೆ ರಿಲೇಯನ್ನು ಪ್ರತ್ಯೇಕ ಡಬ್ಬಿಯಾಗಿ ಒದಗಿಸಬೇಕಾಯಿತು. ಪ್ರಮಾಣಪತ್ರ ಕಾಗದದ ಮೇಲಿದ್ದೂ ರಿಲೇ ಪೆಟ್ಟಿಗೆಯಲ್ಲಿರಲಿಲ್ಲ. ಹಾಗಾಗಿ ಲೈನ್‌ಮನ್‌ನ ಜೀವ ಉಳಿಸುವ ಕಾನೂನು ಬಿಗಿಯಾಗಬೇಕಾದ ಜಾಗ ಮನೆಯವರ ಅರ್ಜಿ ನಮೂನೆ ಅಲ್ಲ, ಕಾರ್ಖಾನೆ ಮತ್ತು ಅಂಗಡಿ. ಅಂಗಡಿಯಿಂದ ಪೆಟ್ಟಿಗೆ ತಂದು ಬಿಚ್ಚಿ ಪರೀಕ್ಷಿಸುವ ಅಧಿಕಾರಿ, ಮನೆಮನೆಗೆ ಹೋಗಿ ಸಹಿ ಪಡೆಯುವ ಹತ್ತು ಅಧಿಕಾರಿಗಳಿಗಿಂತ ಹೆಚ್ಚು ಜೀವ ಉಳಿಸುತ್ತಾನೆ.

ಎರಡನೆಯ ಅಪಾಯ ಸದ್ದಿಲ್ಲದ್ದು, ಹಾಗಾಗಿ ಅದರ ಬಗ್ಗೆ ಮಾತು ಕಡಿಮೆ. ಅದು ಗೋಡೆಯೊಳಗಿನ ತಂತಿಯದು. ಒಂದು ಸಾಲಿನ ಪಾಯಿಂಟ್‌ಗಳಿಗೆ 16 ಆಂಪಿಯರ್‌ನ ಎಂಸಿಬಿ ಇದೆ ಎಂದುಕೊಳ್ಳಿ. ಅದರ ಕೆಲಸ ತಂತಿಯನ್ನು ಕಾಯುವುದು. ಮಿತಿ ಮೀರಿ ಕರೆಂಟ್ ಹರಿದರೆ ತಂತಿ ಬಿಸಿಯೇರುವ ಮೊದಲು ಅದು ಬೀಳುತ್ತದೆ. ಈಗ ಅದೇ ಸಾಲಿನ ಇನ್ನೊಂದು ಪಾಯಿಂಟ್‌ನಿಂದ 800 ವ್ಯಾಟ್‌ನ ಸೋಲಾರ್ ಸುಮಾರು 3.5 ಆಂಪಿಯರ್ ಒಳಗೆ ತಳ್ಳುತ್ತಿದೆ. ಆ ಕರೆಂಟ್ ಎಂಸಿಬಿಯನ್ನು ಹಾದು ಬಂದದ್ದಲ್ಲ, ಆದ್ದರಿಂದ ಅದರ ಲೆಕ್ಕಕ್ಕೇ ಸಿಗುವುದಿಲ್ಲ. ಗೀಸರು, ಇಸ್ತ್ರಿ, ಇಂಡಕ್ಷನ್ ಒಲೆ ಒಟ್ಟಿಗೆ ಹಚ್ಚಿದರೆ ತಂತಿಯ ಒಂದು ತುಂಡಿನಲ್ಲಿ ಹತ್ತೊಂಬತ್ತೂವರೆ ಆಂಪಿಯರ್ ಹರಿಯುತ್ತಿದ್ದರೂ ಎಂಸಿಬಿಗೆ ಕಾಣುವುದು 16 ಮಾತ್ರ. ಕಾವಲುಗಾರ ಮುಂಬಾಗಿಲಲ್ಲಿ ಎಚ್ಚರವಾಗಿಯೇ ಕೂತಿರುತ್ತಾನೆ, ಹಿತ್ತಿಲ ಬಾಗಿಲಿಂದ ಬಂದವರ ಎಣಿಕೆ ಅವನಲ್ಲಿರುವುದಿಲ್ಲ.

800 ವ್ಯಾಟ್ ಎಂಬ ಜರ್ಮನಿಯ ಮಿತಿಯನ್ನು ಈ ಕಣ್ಣಿನಿಂದಲೂ ನೋಡಬೇಕು. ಸರಿಯಾಗಿ ಹಾಕಿದ ತಾಮ್ರದ ತಂತಿ ಮೂರೂವರೆ ಆಂಪಿಯರ್‌ನ ಹೆಚ್ಚುವರಿ ಹೊರೆಯನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ, ಅದೂ ಮಧ್ಯಾಹ್ನದ ಕೆಲವು ಗಂಟೆ ಮಾತ್ರ. ಆದರೆ ಒಂದೇ ಸಾಲಿಗೆ ಇಂಥ ಮೂರು ಸಾಧನ ಸಿಕ್ಕಿಸಿದರೆ, ಅಥವಾ ಎಕ್ಸ್‌ಟೆನ್ಷನ್ ಬೋರ್ಡಿನ ಮೂಲಕ ಜೋಡಿಸಿದರೆ ಲೆಕ್ಕ ಕೆಡುತ್ತದೆ. ಮನೆಗೆ ಒಂದೇ ಸಾಧನ, ಅದು ನೇರವಾಗಿ ಗೋಡೆಗೆ ಎಂಬ ಎಚ್ಚರದ ಹಿಂದಿರುವುದು ಈ ಗಣಿತ.

ಅಂಕಿಯನ್ನು ಮಾತ್ರ ಎತ್ತಿಕೊಂಡು ಗಣಿತವನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕವನ್ನು ನೋಡಬಹುದು. 2025ರಲ್ಲಿ ಯೂಟಾ ರಾಜ್ಯ ತನ್ನ ಶಾಸನಸಭೆಯಲ್ಲಿ ಎಚ್‌ಬಿ 340 ಎಂಬ ಮಸೂದೆಯನ್ನು ಅಂಗೀಕರಿಸಿ, 1,200 ವ್ಯಾಟ್‌ವರೆಗಿನ ಪ್ಲಗ್ ಸೋಲಾರ್‌ಗೆ ವಿದ್ಯುತ್ ಕಂಪನಿಯ ಒಪ್ಪಂದವೇ ಬೇಡ ಎಂದಿತು. ದಿಟ್ಟ ಹೆಜ್ಜೆ. ಆದರೆ ಅಲ್ಲಿನ ಮನೆಯ ಪಾಯಿಂಟ್‌ನಲ್ಲಿರುವುದು 120 ವೋಲ್ಟ್. ಹಾಗಾಗಿ 1,200 ವ್ಯಾಟ್ ಎಂದರೆ 10 ಆಂಪಿಯರ್. ಅಲ್ಲಿ ಸಾಮಾನ್ಯವಾದ 15 ಆಂಪಿಯರ್‌ನ ಸಾಲಿನ ಮೇಲೆ ಅದು ಸಣ್ಣ ಹೊರೆಯಲ್ಲ. ಪರೀಕ್ಷೆಗೊಳಗಾದ ಸಾಧನವೇ ಆಗಿರಬೇಕು ಎಂದು ಕಾನೂನು ಷರತ್ತು ಹಾಕಿತು, ಆದರೆ ಆ ಹೊತ್ತಿಗೆ ಅಂಥ ಸಾಧನವನ್ನು ಇಡಿಯಾಗಿ ಪರೀಕ್ಷಿಸುವ ಮಾನದಂಡ ಅಮೆರಿಕದಲ್ಲಿ ಸಿದ್ಧವಿರಲಿಲ್ಲ. ಒಂದು ದೇಶದ ವ್ಯಾಟ್ ಮಿತಿಯನ್ನು ಇನ್ನೊಂದು ದೇಶ ನಕಲು ಮಾಡಲಾಗದು. ಆ ಊರಿನ ವೋಲ್ಟೇಜು, ಗೋಡೆಯೊಳಗಿನ ತಂತಿ, ಅದರ ಎಂಸಿಬಿ ಇವುಗಳಿಂದಲೇ ಮಿತಿ ಹುಟ್ಟಬೇಕು.

ಮೂರನೆಯ ಅಪಾಯಕ್ಕೂ ವಿದ್ಯುತ್ತಿಗೂ ಸಂಬಂಧವಿಲ್ಲ. ಒಂದು ಪ್ಯಾನೆಲ್ ಇಪ್ಪತ್ತು ಕಿಲೋ ಮೇಲ್ಪಟ್ಟು ತೂಗುತ್ತದೆ, ಅಗಲ ಬಾಗಿಲಿನಷ್ಟಿರುತ್ತದೆ, ಗಾಳಿ ಬಂದಾಗ ಹಾಯಿಯಂತೆ ಗಾಳಿ ಹಿಡಿದು ಎಳೆಯುತ್ತದೆ. ನಾಲ್ಕನೆಯ ಮಹಡಿಯಿಂದ ಅದು ಕಳಚಿ ಬಿದ್ದರೆ ಕೆಳಗೆ ನಡೆಯುವವರಿಗೆ ಉಳಿವಿಲ್ಲ. ಏಪ್ರಿಲ್-ಮೇ ತಿಂಗಳ ಸಂಜೆ ಬೆಂಗಳೂರಿನಲ್ಲಿ ಏಳುವ ಬಿರುಗಾಳಿ ಮರಗಳನ್ನೇ ಉರುಳಿಸುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ಲಾಸ್ಟಿಕ್ ಟ್ಯಾಗ್ ಬಿಗಿದು ಪ್ಯಾನೆಲ್ ನೇತುಹಾಕುವವರನ್ನು ತಡೆಯುವ ಅಧಿಕಾರ ಅಪಾರ್ಟ್‌ಮೆಂಟ್ ಸಂಘಕ್ಕೆ ಇರಲೇಬೇಕು.

ಜರ್ಮನಿ ಈ ತಿಳಿವಳಿಕೆಗೆ ಒಂದೇ ದಿನದಲ್ಲಿ ಬಂದದ್ದಲ್ಲ. ಅಲ್ಲಿ ಮೊದಲು ಪ್ಲಗ್ ಮೂಲಕ ಮನೆಯ ಸಾಲಿಗೆ ಕರೆಂಟ್ ತುಂಬುವುದನ್ನು ವಿದ್ಯುತ್ ಮಾನದಂಡ ಒಪ್ಪುತ್ತಿರಲಿಲ್ಲ. ಜನ ಹೇಳದೆ ಕೇಳದೆ ಸಿಕ್ಕಿಸತೊಡಗಿದರು. ಅದಕ್ಕೆ ‘ಗೆರಿಲ್ಲಾ ಸೋಲಾರ್’ ಎಂಬ ಹೆಸರೇ ಬಿತ್ತು. 2018ರಲ್ಲಿ, ಅಲ್ಲಿನ ವಿದ್ಯುತ್ ಮಾನದಂಡ ರೂಪಿಸುವ ವಿಡಿಇ ಸಂಸ್ಥೆ ತನ್ನ ಮಾನದಂಡದಲ್ಲಿ ಷರತ್ತುಗಳೊಡನೆ ಇದಕ್ಕೆ ಜಾಗ ಮಾಡಿತು. ವಿಶೇಷ ಸಾಕೆಟ್ ಬೇಕು, ಲೈನಿನ ಕಂಪನಿಗೂ ತಿಳಿಸಬೇಕು, ಸರ್ಕಾರಿ ದಾಖಲೆಗೂ ಸೇರಿಸಬೇಕು ಎಂಬ ಬಿಗಿ ಉಳಿದೇ ಇತ್ತು. 2022ರಲ್ಲಿ ಉಕ್ರೇನ್ ಯುದ್ಧದಿಂದ ಕರೆಂಟಿನ ಬೆಲೆ ಏರಿದಾಗ ಬೇಡಿಕೆ ಉಕ್ಕಿತು. ನಿಯಮ ಜನರನ್ನು ತಡೆಯುತ್ತಿಲ್ಲ, ಮರೆಮಾಚಲು ಮಾತ್ರ ಕಲಿಸುತ್ತಿದೆ ಎಂಬುದು ಸ್ಪಷ್ಟವಾಯಿತು.

ಆಮೇಲೆ ಅಲ್ಲಿ ಬದಲಾದದ್ದನ್ನು ಗಮನಿಸಿ. 2023ರ ಜನವರಿಯಿಂದ ಸಣ್ಣ ಸೋಲಾರ್ ಮೇಲಿನ ತೆರಿಗೆಯನ್ನು ಸೊನ್ನೆಗೆ ಇಳಿಸಿದರು. 2024ರ ಮೇ ತಿಂಗಳಲ್ಲಿ ಜಾರಿಯಾದ ಕಾನೂನು ಇನ್ವರ್ಟರಿನ ಮಿತಿಯನ್ನು 600ರಿಂದ 800ಕ್ಕೆ ಏರಿಸಿತು, ಲೈನಿನ ಕಂಪನಿಗೆ ಪ್ರತ್ಯೇಕವಾಗಿ ತಿಳಿಸುವ ಕೆಲಸವನ್ನು ತೆಗೆದು, ಕೇಂದ್ರ ದಾಖಲೆಯಲ್ಲಿ ಕೆಲವೇ ವಿವರ ತುಂಬಿದರೆ ಸಾಕು ಎಂದಿತು. ಚಕ್ರ ತಿರುಗುವ ಹಳೆಯ ಮೀಟರು ಹಿಂದಕ್ಕೆ ಓಡಿದರೂ, ಅದನ್ನು ಬದಲಿಸುವವರೆಗೆ ಸಹಿಸಿಕೊಳ್ಳಲು ಒಪ್ಪಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಾಡಿಗೆ ಮತ್ತು ಫ್ಲ್ಯಾಟ್ ಮಾಲೀಕತ್ವದ ಕಾನೂನುಗಳನ್ನು ತಿದ್ದಿ, ಸಕಾರಣವಿಲ್ಲದೆ ಮನೆಮಾಲೀಕರು ಇದಕ್ಕೆ ಅಡ್ಡಿಪಡಿಸುವಂತಿಲ್ಲ ಎಂದು ಮಾಡಿದರು. ಅನುಮತಿ ಬೇಡುವ ಕಡೆ ಕಾನೂನು ಸಡಿಲವಾಯಿತು; ಇನ್ವರ್ಟರ್ ಹೇಗಿರಬೇಕು, ಎಷ್ಟಿರಬೇಕು ಎಂಬ ಕಡೆ ಬಿಗಿ ಹಾಗೇ ಉಳಿಯಿತು. ಬಹುಕಾಲ ನಿಷೇಧಿಸಿದ್ದ ಬೆಲ್ಜಿಯಂ ಕೂಡ 2025ರ ಏಪ್ರಿಲ್‌ನಲ್ಲಿ ಪ್ಲಗ್ ಸೋಲಾರ್‌ಗೆ ಬಾಗಿಲು ತೆರೆಯಿತು.

ಈಗ ನಮ್ಮ ಮನೆಗೆ ಬರೋಣ. ನಮ್ಮ ಸೋಲಾರ್ ನಿಯಮಗಳೆಲ್ಲ ತಾರಸಿಯ ಮೇಲಿನ ದೊಡ್ಡ ಘಟಕವನ್ನು ಮನಸ್ಸಿನಲ್ಲಿಟ್ಟು ಬರೆದವು. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆ 1 ಕೋಟಿ ಮನೆಗಳ ಗುರಿ ಇಟ್ಟುಕೊಂಡು, 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಕೊಡುತ್ತದೆ. ಅದೇ ವರ್ಷ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಂದ ತಿದ್ದುಪಡಿ, 10 ಕಿಲೋವ್ಯಾಟ್‌ವರೆಗೆ ತಾಂತ್ರಿಕ ಪರಿಶೀಲನೆಯ ತೊಡಕನ್ನು ತೆಗೆಯಿತು. ಒಳ್ಳೆಯ ಸುಧಾರಣೆಗಳೇ. ಆದರೆ ಇವೆಲ್ಲ ಹೆಚ್ಚಾಗಿ ಸ್ವಂತ ತಾರಸಿ ಇದ್ದವರಿಗೆ. ಬಾಡಿಗೆ ಮನೆಯವರು, ಫ್ಲ್ಯಾಟಿನವರು, ಒಂದೇ ಪ್ಯಾನೆಲ್ ಕೊಳ್ಳಬಲ್ಲ ಸಣ್ಣ ಅಂಗಡಿಯವರು ಇದರೊಳಗೆ ಸುಲಭವಾಗಿ ಬರುವುದಿಲ್ಲ. ಎರಡು ದಿಕ್ಕಿನ ಮೀಟರು, ಕಂಪನಿಯೊಡನೆ ಕರಾರು, ಪರಿಶೀಲನೆ ಇವೆಲ್ಲ 3 ಕಿಲೋವ್ಯಾಟ್‌ಗೆ ಸರಿ. 400 ವ್ಯಾಟ್‌ಗೂ ಅದೇ ಬಾಗಿಲಿಂದಲೇ ಬಾ ಎಂದರೆ ಯಾರೂ ಬರುವುದಿಲ್ಲ. ಆದರೆ ಆನ್‌ಲೈನ್ ಅಂಗಡಿಗಳಲ್ಲಿ ಗ್ರಿಡ್‌ಗೆ ಜೋಡಿಸುವ ಸಣ್ಣ ಇನ್ವರ್ಟರುಗಳು ಈಗಲೇ ಸಿಗುತ್ತಿವೆ. ಕೊಳ್ಳುವವನಿಗೆ ಅದನ್ನು ಸಿಕ್ಕಿಸಬಹುದೇ, ಯಾವ ಗುರುತು ನೋಡಬೇಕು, ಯಾರಿಗೆ ತಿಳಿಸಬೇಕು ಎಂದು ಹೇಳುವವರಿಲ್ಲ.

ಜರ್ಮನಿಯ ದಾರಿಯನ್ನು ಹಾಗೇ ಹಿಡಿಯಲು ಬಾರದ ಕಾರಣಗಳೂ ಇವೆ. ಮೊದಲನೆಯದು ಸೂರ್ಯನೇ. ಬರ್ಲಿನ್‌ನಲ್ಲಿ ಸೂರ್ಯ ವರ್ಷದ ಬಹುಪಾಲು ದಕ್ಷಿಣಕ್ಕೆ ವಾಲಿಕೊಂಡೇ ಸಾಗುವುದರಿಂದ, ಕಂಬಿಗೆ ನೆಟ್ಟಗೆ ನಿಲ್ಲಿಸಿದ ಪ್ಯಾನೆಲ್‌ಗೆ ಬಿಸಿಲು ಎದುರಾಗಿ ಬೀಳುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರಕ್ಕೆ ಸೂರ್ಯ ನೆತ್ತಿಗೇ ಬಂದು, ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಹೊತ್ತು ಉತ್ತರ ದಿಕ್ಕಿನಲ್ಲಿರುತ್ತಾನೆ. ಆ ತಿಂಗಳುಗಳಲ್ಲಿ ದಕ್ಷಿಣದ ಬಾಲ್ಕನಿಯ ನೆಟ್ಟನೆಯ ಪ್ಯಾನೆಲ್‌ಗೆ ಮಧ್ಯಾಹ್ನ ನೇರ ಬಿಸಿಲೇ ಇಲ್ಲ. ಪೂರ್ವ ಪಶ್ಚಿಮದ ಬಾಲ್ಕನಿಗೆ ಅರ್ಧ ದಿನದ ಬಿಸಿಲು. ನಮ್ಮಲ್ಲಿ ಇದರ ಸಹಜ ಜಾಗ ತಾರಸಿಯ ಒಂದು ಮೂಲೆ. ಹಾಗಾಗಿ ಬಾಡಿಗೆದಾರನಿಗೆ ತಾರಸಿಯಲ್ಲಿ ಒಂದು ಪ್ಯಾನೆಲ್‌ನಷ್ಟು ಜಾಗದ ಹಕ್ಕು ಸಿಗುವುದೇ ಎಂಬುದು ನಮ್ಮ ನಿಜವಾದ ಕಾನೂನು ಪ್ರಶ್ನೆ.

ಎರಡನೆಯದು ಮೀಟರು. ನಮ್ಮ ಅನೇಕ ಡಿಜಿಟಲ್ ಮೀಟರುಗಳನ್ನು ಕಳ್ಳತನ ತಡೆಯುವ ಸಲುವಾಗಿ, ಕರೆಂಟ್ ಯಾವ ದಿಕ್ಕಿಗೆ ಹರಿದರೂ ಬಳಕೆ ಎಂದೇ ಎಣಿಸುವಂತೆ ಮಾಡಿದ್ದಾರೆ. ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ಹೆಚ್ಚಾದ ಕರೆಂಟ್ ಲೈನಿಗೆ ಹೋದರೆ, ಕೊಟ್ಟದ್ದಕ್ಕೂ ಬಿಲ್ಲು ಬರಬಹುದು. ರಾಜ್ಯದ ಗೃಹಜ್ಯೋತಿ ಯೋಜನೆಯಲ್ಲಿ ಸೊನ್ನೆ ಬಿಲ್ಲು ಪಡೆಯುವ ಮನೆಗೆ ಇದರಿಂದ ಹಣದ ಲಾಭವೇ ಇಲ್ಲ ಎಂಬುದನ್ನೂ ಮಾರುವವರು ಮುಚ್ಚಿಡಬಾರದು. ತಾರಸಿಯ 400 ವ್ಯಾಟ್‌ನ ಪ್ಯಾನೆಲ್ ನಮ್ಮ ಬಿಸಿಲಿನಲ್ಲಿ ದಿನಕ್ಕೆ ಹೆಚ್ಚುಕಡಿಮೆ ಒಂದೂವರೆ ಯೂನಿಟ್ ಕೊಡುತ್ತದೆ. ಹಗಲಿಡೀ ಫ್ರಿಜ್ಜು, ಫ್ಯಾನು, ಹೊಲಿಗೆ ಯಂತ್ರ ಓಡುವ ಮನೆಗೋ ಅಂಗಡಿಗೋ ಅದು ಸರಿಯಾದ ಅಳತೆ. 800 ವ್ಯಾಟ್ ಅನೇಕರಿಗೆ ಹೆಚ್ಚೇ ಆಗುತ್ತದೆ.

ಮೂರನೆಯದು ನಮ್ಮ ಲೋಡ್‌ಶೆಡ್ಡಿಂಗ್ ಮತ್ತು ಯುಪಿಎಸ್. ಲೈನ್ ಹೋದರೆ ಈ ಸಾಧನವೂ ನಿಲ್ಲುತ್ತದೆ ಎಂದೆ. ಕರೆಂಟ್ ಹೋದಾಗ ಉಪಯೋಗಕ್ಕೆ ಬರಲಿ ಎಂದು ಕೊಂಡವನಿಗೆ ನಿರಾಸೆ ಖಂಡಿತ. ಆಗ ಅವನ ಕೈ ಯುಪಿಎಸ್‌ನ ಲೈನ್ ಇರುವ ಪಾಯಿಂಟ್ ಕಡೆಗೆ ಹೋಗುತ್ತದೆ. ಯುಪಿಎಸ್‌ನ ಅಲೆಯನ್ನೇ ಲೈನ್ ಎಂದುಕೊಂಡು ಸೋಲಾರ್ ಇನ್ವರ್ಟರ್ ಕರೆಂಟ್ ತಳ್ಳಲು ಶುರುಮಾಡಿದರೆ, ಆ ಹೊರೆ ತಿರುಗಿ ಯುಪಿಎಸ್ ಮೇಲೆ, ಬ್ಯಾಟರಿ ಮೇಲೆ ಬೀಳುತ್ತದೆ. ಅದನ್ನು ತಡೆದುಕೊಳ್ಳುವಂತೆ ಮಾಡದ ಯುಪಿಎಸ್ ಸುಟ್ಟುಹೋಗಬಹುದು. ಈ ಎಚ್ಚರಿಕೆಯನ್ನು ನಮ್ಮಲ್ಲಿ ಪೆಟ್ಟಿಗೆಯ ಮೇಲೆಯೇ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಮುದ್ರಿಸಬೇಕು.

ನಾಲ್ಕನೆಯದು ಗೋಡೆ. ಮೂವತ್ತು ನಲವತ್ತು ವರ್ಷದ ಹಿಂದೆ ಕಟ್ಟಿದ ಮನೆಗಳಲ್ಲಿ ಅರ್ಥಿಂಗ್ ಹೆಸರಿಗೆ ಇದೆ, ಕರೆಂಟ್ ಸೋರಿದರೆ ಕಡಿಯುವ ಆರ್‌ಸಿಸಿಬಿ ಇಲ್ಲ, ಸಡಿಲವಾದ ಸಾಕೆಟ್ ಒಳಗೆ ಕಂದಿ ಕಪ್ಪಾಗಿರುತ್ತದೆ. ಎಲ್ಲಿ ಯಾವ ದಪ್ಪದ ತಂತಿ ಹೋಗಿದೆ ಎಂದು ಮನೆಯವರಿಗೇ ತಿಳಿಯದು. ಜರ್ಮನಿಯ ಮೂರೂವರೆ ಆಂಪಿಯರ್‌ನ ವಿಶ್ವಾಸ ಅಲ್ಲಿನ ತಂತಿಯ ಮೇಲಿನ ವಿಶ್ವಾಸ. ನಮ್ಮಲ್ಲಿ ಅದನ್ನು ಗಳಿಸಿಕೊಳ್ಳಬೇಕು.

ಹೀಗಾಗಿ ನಮ್ಮ ನಿಯಮ ಹೀಗಿರಲಿ ಎನ್ನುತ್ತೇನೆ. 800 ವ್ಯಾಟ್ ಒಳಗಿನ ಸಾಧನಕ್ಕೆ ಪ್ರತ್ಯೇಕ ವರ್ಗ ಬರಲಿ. ಡಿಬಿ, ಅಂದರೆ ಮನೆಯ ಡಿಸ್ಟ್ರಿಬ್ಯೂಷನ್ ಬೋರ್ಡಿನಿಂದ ನೇರ ತಂತಿ ಎಳೆದು, ಅದಕ್ಕೇ ಒಂದು ಎಂಸಿಬಿ ಮತ್ತು ಆರ್‌ಸಿಸಿಬಿ ಹಾಕಿದ ಒಂದು ಪಾಯಿಂಟ್ ಕಡ್ಡಾಯವಾಗಲಿ. ಆ ತಂತಿಗೆ ಬೇರೆ ಯಾವ ಲೋಡೂ ಇಲ್ಲದಿದ್ದರೆ ಎಣಿಕೆಗೆ ಸಿಗದ ಕರೆಂಟಿನ ಸಮಸ್ಯೆ ಹುಟ್ಟುವುದೇ ಇಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್‌ಗೆ ಅದು ಒಂದು ದಿನದ ಕೆಲಸ, ಜೊತೆಗೆ ಮನೆಯ ಅರ್ಥಿಂಗ್ ಕೂಡ ಒಮ್ಮೆ ಪರೀಕ್ಷೆಯಾಗುತ್ತದೆ. ಬಿಐಎಸ್ ಗುರುತಿಲ್ಲದ ಇನ್ವರ್ಟರ್ ಮಾರುವವರ ಮೇಲೆ ಕ್ರಮವಾಗಲಿ, ಗುರುತಿದ್ದವನ್ನೂ ಅಂಗಡಿಯಿಂದ ತಂದು ಬಿಚ್ಚಿ ನೋಡಲಿ. ಅನುಮತಿ ಬೇಡ, ಕರೆಂಟ್ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಮತ್ತು ಇನ್ವರ್ಟರಿನ ಮಾದರಿಯನ್ನು ಮೊಬೈಲಿನಲ್ಲಿ ದಾಖಲಿಸಿದರೆ ಸಾಕಾಗಲಿ. ಲೈನಿಗೆ ಹೋದ ಕರೆಂಟಿಗೆ ದುಡ್ಡು ಕೊಡಬೇಕಿಲ್ಲ, ಆದರೆ ಅದಕ್ಕೆ ಬಿಲ್ಲು ಹಾಕದಂತೆ ಮೀಟರು ಸರಿಪಡಿಸಲಿ.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ಒಂದಿದೆ. ಪಂಪ್‌ಸೆಟ್ಟಿನ ಅಕ್ರಮ ಸಂಪರ್ಕವನ್ನೇ ತಡೆಯಲಾಗದ ವ್ಯವಸ್ಥೆ ಲಕ್ಷಾಂತರ ಮನೆಗಳ ಪ್ಲಗ್ ಕಾಯಬಲ್ಲದೇ, ಬಾಗಿಲು ತೆರೆದರೆ ಕಳಪೆ ಮಾಲು ನುಗ್ಗುವುದಿಲ್ಲವೇ ಎಂಬುದು. ಈ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದು ನಿಷೇಧದ ಪರವಾದ ವಾದ ಆಗಲಾರದು. ಮನೆಗಳನ್ನು ಕಾಯಲಾಗದ ವ್ಯವಸ್ಥೆ ನಿಷೇಧವನ್ನೂ ಕಾಯಲಾರದು. ಅದರ ಕೈಗೆ ಸಿಗುವುದು ಲಕ್ಷ ಗೋಡೆಗಳಲ್ಲ, ಬೆರಳೆಣಿಕೆಯ ತಯಾರಕರು, ಆಮದುದಾರರು ಮತ್ತು ಮಾರಾಟ ತಾಣಗಳು. ಇರುವ ಸ್ವಲ್ಪ ಶಕ್ತಿಯನ್ನು ಅಲ್ಲಿ ಬಳಸಲಿ.

ಇಷ್ಟು ಸಣ್ಣ ಸಾಧನಕ್ಕೆ ದಾಖಲೆ ಏಕೆ ಎಂದು ಕೇಳುವವರಿಗೆ ಒಂದು ಮಾತು. ದಾಖಲೆಯನ್ನು ನಾವು ಸರ್ಕಾರಕ್ಕೆ ಒಪ್ಪಿಸುವ ಲೆಕ್ಕ ಎಂದು ಭಾವಿಸುತ್ತೇವೆ. ಇಲ್ಲಿ ಅದನ್ನು ಓದಬೇಕಾದವನು ಬೇರೆ. ಮಳೆಯಲ್ಲಿ ತಂತಿ ಹರಿದು ಬಿದ್ದ ರಾತ್ರಿ ಕಳೆದು, ಬೆಳಗಿನ ಬಿಸಿಲಿಗೆ ದುರಸ್ತಿಗೆ ಬಂದ ಪವರ್‌ಮ್ಯಾನ್, ಎಲ್‌ಸಿ ತೆಗೆದುಕೊಳ್ಳುವಾಗಲೇ ಸೆಕ್ಷನ್ ಆಫೀಸಿನಿಂದ ಈ ಟಿಸಿಯ ಕೆಳಗೆ ಏಳು ಮನೆಗಳಲ್ಲಿ ಸೋಲಾರ್ ಇದೆ ಎಂದು ಕೇಳಿಸಿಕೊಳ್ಳಬೇಕು. ಎಲ್ಲ ಇನ್ವರ್ಟರುಗಳೂ ಸರಿಯಾಗಿಯೇ ನಿಂತಿರುತ್ತವೆ ಎಂದು ನಂಬೋಣ. ಆದರೂ ಅವನು ಟೆಸ್ಟರ್ ಹಚ್ಚಿ ನೋಡಿ, ಮೂರೂ ತಂತಿಯನ್ನು ಶಾರ್ಟ್ ಮಾಡಿ ಅರ್ಥ್‌ಗೆ ಕಟ್ಟಿದ ಮೇಲೆಯೇ ಮುಟ್ಟಲಿ. ಕದ್ದು ಸಿಕ್ಕಿಸಿದ ಪ್ಲಗ್ ಆ ಏಳರ ಲೆಕ್ಕದಲ್ಲಿ ಇರುವುದಿಲ್ಲ. ಅದನ್ನು ಆ ಲೆಕ್ಕದೊಳಗೆ ತರುವ ಕಾನೂನು ಬೇಕು.